ಚರಂಡಿಗೆ ದುಡ್ಡು ಕೇಳುವ ಮೊದಲು ನೀರಿನ ಹಿಂದೆ ನಡೆಯಿರಿ

"ಸಾರ್, ನಮ್ಮ ಬೀದಿಗೊಂದು ಬಾಕ್ಸ್ ಚರಂಡಿ ಹಾಕಿಸಿಕೊಡಿ. ಮಳೆ ಬಂದ್ರೆ ಮನೆಯೊಳಗೇ ನೀರು." ಪಂಚಾಯತ್ ರಾಜ್ ಎಂಜಿನಿಯರ್‌ಗಳು ಈ ಮಾತು ಕೇಳದ ಮಳೆಗಾಲ ಇಲ್ಲ. ಜನ ಕೇಳುವುದರಲ್ಲಿ ತಪ್ಪೇನಿಲ್ಲ. ಆದರೆ ಎಸ್ಟಿಮೇಟ್ ಬರೆಯುವ ಮೊದಲು ನಾನು ಎರಡು ಪ್ರಶ್ನೆ ಕೇಳುತ್ತೇನೆ. ಈ ನೀರು ಎಲ್ಲಿಂದ ಬರುತ್ತಿದೆ? ಎಲ್ಲಿಗೆ ಹೋಗಬೇಕಿತ್ತು? ಉತ್ತರ ಸಿಕ್ಕರೆ ಯಾರ ಹತ್ತಿರ ದುಡ್ಡು ಕೇಳಬೇಕು ಅನ್ನುವುದೂ ಅರ್ಧ ಗೊತ್ತಾದ ಹಾಗೆ.

ಒಂದು ಲೆಕ್ಕ ನೋಡಿ. ಊರಿನ ಮೇಲುಗಡೆ 50 ಎಕರೆ ಹೊಲ, ಗೋಮಾಳ ಇದೆ ಅಂತಿಟ್ಟುಕೊಳ್ಳಿ. ಗಂಟೆಗೆ 50 ಮಿ.ಮೀ. ಮಳೆ ಹುಯ್ದರೆ, ಅದರಲ್ಲಿ ಅರ್ಧವನ್ನು ನೆಲವೇ ಕುಡಿದರೂ ಸೆಕೆಂಡಿಗೆ ಸುಮಾರು 1,400 ಲೀಟರ್ ಊರೊಳಗೆ ನುಗ್ಗುತ್ತದೆ. ನಾವು ಬೀದಿಗೆ ಕಟ್ಟುವ ಒಂದೂವರೆ ಅಡಿ ಅಗಲ, ಒಂದೂವರೆ ಅಡಿ ಆಳದ ಚರಂಡಿ, 200 ಅಡಿಗೆ ಒಂದಡಿ ಇಳಿಜಾರು ಇದ್ದರೂ, ತುಂಬಿ ಹರಿದಾಗ ಸಾಗಿಸುವುದು ಹೆಚ್ಚೆಂದರೆ 300 ಲೀಟರ್. ಅದೂ ಹೂಳಿಲ್ಲದಿದ್ದರೆ. ಉಳಿದದ್ದು ಮನೆ ಬಾಗಿಲಿಗೆ ಬಾರದೆ ಎಲ್ಲಿಗೆ ಹೋಗಬೇಕು ಹೇಳಿ?

ಇದಕ್ಕಿಂತ ಮಜಾ ಇರುವುದು ಕೆಳಗಿನ ತುದಿಯಲ್ಲಿ. ಎರಡಡಿ ಅಗಲ, ಎರಡಡಿ ಆಳದ ಒಳ್ಳೆಯ ಚರಂಡಿ ಬಂದು ರಸ್ತೆಯ ಅಡಿ ಹಾಕಿದ ಒಂದಡಿ ವ್ಯಾಸದ ಹ್ಯೂಮ್ ಪೈಪಿಗೆ, ಅಂದರೆ ಕಾಂಕ್ರೀಟ್ ಕೊಳವೆಗೆ, ಸೇರುವುದನ್ನು ಎಷ್ಟೋ ಊರಲ್ಲಿ ನೋಡಬಹುದು. ಆ ಪೈಪಿನ ಬಾಯಿ ಚರಂಡಿಯ ಐದನೇ ಒಂದು ಭಾಗಕ್ಕಿಂತ ಚಿಕ್ಕದು. ಅದರ ಮುಂದೊಂದು ಪ್ಲಾಸ್ಟಿಕ್ ಚೀಲ, ನಾಲ್ಕು ತೆಂಗಿನ ಗರಿ ಸಿಕ್ಕಿಕೊಂಡಿರುತ್ತವೆ. ಮೇಲೆ ಎಷ್ಟು ಲಕ್ಷ ಸುರಿದು ಚರಂಡಿ ಕಟ್ಟಿದರೂ ಊರು ಮುಳುಗುವುದು ಆ ಪೈಪಿನ ಅಳತೆಗೇ. ಹಾಗಾಗಿ ಕೆಲಸ ಕೆಳಗಿನಿಂದ ಶುರುವಾಗಬೇಕು. ಆದರೆ ನಮ್ಮಲ್ಲಿ ಯಾವಾಗಲೂ ಶುರುವಾಗುವುದು ಮೆಂಬರ್ ಮನೆ ಮುಂದಿನಿಂದ!

ಮಳೆ ನಿಂತ ಮಾರನೇ ದಿನವೇ ಊರಿನ ನಾಲ್ಕು ಜನ ನೀರಿನ ದಾರಿ ಹಿಡಿದು ನಡೆಯಿರಿ. ಗೋಡೆ ಮೇಲೆ ಕೆಸರಿನ ಗೆರೆ ಎಷ್ಟು ಎತ್ತರಕ್ಕಿದೆ ಅಂತ ಟೇಪಿನಲ್ಲಿ ಅಳೆದು ಫೋಟೊ ತೆಗೆಯಿರಿ. ಒಣಗಿ ಸುಣ್ಣ ಬಳಿದ ಮೇಲೆ ಆ ಸಾಕ್ಷಿ ಸಿಗುವುದಿಲ್ಲ. ಗ್ರಾಮ ನಕ್ಷೆ ಕೈಯಲ್ಲಿರಲಿ. ನಕ್ಷೆಯಲ್ಲಿ ಹಳ್ಳ ಇದ್ದು ನೆಲದ ಮೇಲೆ ಅಡಿಕೆ ತೋಟ ಇದ್ದರೆ ಅದು ದುಡ್ಡಿನ ಸಮಸ್ಯೆಯೇ ಅಲ್ಲ. ತಹಶೀಲ್ದಾರರಿಗೆ ಅರ್ಜಿ ಕೊಟ್ಟು ಸರ್ವೆ ಮಾಡಿಸಿ, ಒತ್ತುವರಿ ಬಿಡಿಸಬೇಕು. ಅದಾಗದೆ ಸಿಮೆಂಟ್ ಸುರಿದು ಪ್ರಯೋಜನ ಇಲ್ಲ.

ಈಗ ದುಡ್ಡಿನ ವಿಷಯ. ನೀರು ಹರಿಯುವ ದಾರಿಯಲ್ಲಿ ಒಂದೊಂದು ತುಂಡಿಗೆ ಒಂದೊಂದು ಇಲಾಖೆ ಯಜಮಾನ. ಮೇಲಿನ ಹೊಲಗಳಲ್ಲಿ ಬದು, ಟ್ರೆಂಚು, ನೀರನ್ನು ಊರ ಹೊರಗೇ ತಿರುಗಿಸುವ ಕಾಲುವೆ, ಇವೆಲ್ಲ ಕೂಲಿ ಜಾಸ್ತಿ, ಸಾಮಗ್ರಿ ಕಡಿಮೆ ಬೇಕಾದ ಕೆಲಸ. ಇಷ್ಟು ವರ್ಷ ನರೇಗಾದ 60:40 ಕೂಲಿ-ಸಾಮಗ್ರಿ ಲೆಕ್ಕಕ್ಕೆ ಹೇಳಿ ಮಾಡಿಸಿದಂತಿದ್ದವು. ಆದರೂ ಉದ್ಯೋಗ ಖಾತ್ರಿಯಲ್ಲೂ ಕಾಂಕ್ರೀಟ್ ಚರಂಡಿಯನ್ನೇ ಕೇಳಿದವರು ಬಹಳ. ಬದು ಮುಂದೆ ನಿಂತು ಫೋಟೊ ತೆಗೆಸಿಕೊಂಡರೆ ಚೆನ್ನಾಗಿ ಕಾಣುವುದಿಲ್ಲ ನೋಡಿ.

ಊರೊಳಗಿನ ಚರಂಡಿಗೆ ಮುಖ್ಯವಾಗಿ ಬಂದದ್ದು ಹಣಕಾಸು ಆಯೋಗದ ಅನುದಾನ. 15ನೇ ಆಯೋಗದ 2021-26ರ ಅವಧಿಯಲ್ಲಿ ಇದರ ಶೇ 60 ನಿರ್ಬಂಧಿತ ಹಣ, ಅಂದರೆ ಗೊತ್ತುಪಡಿಸಿದ ಕೆಲಸಕ್ಕೇ ಖರ್ಚು ಮಾಡಬೇಕಾಗಿದ್ದದ್ದು. ಅರ್ಧ ನೈರ್ಮಲ್ಯಕ್ಕೆ, ಇನ್ನರ್ಧ ಕುಡಿಯುವ ನೀರು, ಮಳೆ ನೀರು ಕೊಯ್ಲಿಗೆ. ಉಳಿದ ಶೇ 40 ಊರಿನ ಅಗತ್ಯಕ್ಕೆ ಬಿಟ್ಟದ್ದು, ಸಂಬಳಕ್ಕೆ ಮಾತ್ರ ಮುಟ್ಟುವಂತಿರಲಿಲ್ಲ. ಸ್ವಚ್ಛ ಭಾರತ್ ಮಿಷನ್‌ನ ಎರಡನೇ ಹಂತದಲ್ಲಿ ಬೂದು ನೀರಿನ ವಿಲೇವಾರಿಗೆ 5,000 ಜನಸಂಖ್ಯೆವರೆಗಿನ ಊರಲ್ಲಿ ಒಬ್ಬರಿಗೆ 280 ರೂಪಾಯಿ, ಅದಕ್ಕಿಂತ ದೊಡ್ಡ ಊರಲ್ಲಿ ಒಬ್ಬರಿಗೆ 660 ರೂಪಾಯಿ ಲೆಕ್ಕದಲ್ಲಿ ನಿಗದಿಯಾಯಿತು. ಅದರ ಶೇ 30 ಪಂಚಾಯಿತಿಯ ಹಣಕಾಸು ಆಯೋಗದ ಹಣದಿಂದಲೇ ಬರಬೇಕಿತ್ತು. 1,500 ಜನರ ಊರಿಗೆ ಲೆಕ್ಕ ಹಾಕಿದರೆ 4 ಲಕ್ಷದ 20 ಸಾವಿರ. ಬೂದು ನೀರು ಅಂದರೆ ಸ್ನಾನದ, ಪಾತ್ರೆ ತೊಳೆದ ನೀರು. ಚಿತ್ತೆ ಮಳೆಯ ಪ್ರವಾಹಕ್ಕೆ ಈ ದುಡ್ಡಿನ ಚರಂಡಿ ಸಾಕಾಗುತ್ತದೆ ಅಂದುಕೊಂಡರೆ ಕೆಟ್ಟೆವು.

ರಸ್ತೆಯ ಮೋರಿ ಯಾರದ್ದು? ರಸ್ತೆ ಯಾರದೋ ಅವರದ್ದು. ರಾಜ್ಯ ಹೆದ್ದಾರಿಯೋ ಜಿಲ್ಲಾ ಮುಖ್ಯ ರಸ್ತೆಯೋ ಆದರೆ ಲೋಕೋಪಯೋಗಿ ಇಲಾಖೆಗೆ ಬರೆಯಿರಿ. ಪಂಚಾಯಿತಿ ಹಣ ಅಲ್ಲಿ ಹಾಕಬೇಡಿ, ಆಡಿಟ್‌ನಲ್ಲಿ ಸಿಕ್ಕಿಬೀಳುತ್ತೀರಿ. ಕೆಳಗಿನ ಕೆರೆಯ ಅಚ್ಚುಕಟ್ಟು, ಅಂದರೆ ಅದರ ನೀರುಣ್ಣುವ ಜಮೀನು, 40 ಹೆಕ್ಟೇರ್‌ಗಿಂತ ದೊಡ್ಡದಿದ್ದರೆ ಸಣ್ಣ ನೀರಾವರಿ ಇಲಾಖೆಗೆ ಬರೆಯಿರಿ. ಕೆರೆ ತುಂಬಿ ಹೆಚ್ಚಾದ ನೀರು ಹೋಗುವ ಕೋಡಿ ಕಾಲುವೆ ಮುಚ್ಚಿದರೆ ಏನಾಗುತ್ತದೆ ಅನ್ನುವುದಕ್ಕೆ ದೂರ ಹೋಗಬೇಕಿಲ್ಲ. 2022ರ ಆಗಸ್ಟ್ ಕೊನೆಯಲ್ಲಿ ರಾಮನಗರದ ಬಳಿ ಕೆರೆಗಳು ಉಕ್ಕಿ ಬೆಂಗಳೂರು-ಮೈಸೂರು ಹೆದ್ದಾರಿಯೇ ನೀರಲ್ಲಿ ನಿಂತಿತ್ತು. ಅಷ್ಟು ದೊಡ್ಡ ರಸ್ತೆಗೇ ಆ ಗತಿ ಅಂದರೆ ನಮ್ಮ ಬೀದಿಯ ಪಾಡೇನು?

ಶಾಸಕರಿಗೆ ವರ್ಷಕ್ಕೆ 2 ಕೋಟಿ ಪ್ರದೇಶಾಭಿವೃದ್ಧಿ ನಿಧಿ ಇದೆ. ಇಡೀ ಕ್ಷೇತ್ರಕ್ಕೆ ಹಂಚಿದರೆ ಒಂದೂರಿಗೆ ಬರುವುದು ಅಷ್ಟರಲ್ಲೇ ಇದೆ. ಅದನ್ನು ಪೂರ್ತಿ ಚರಂಡಿಗೆ ಕೇಳಬೇಡಿ, ಬೇರೆ ಯಾವ ಲೆಕ್ಕಕ್ಕೂ ಸೇರದ ಕೊನೆಯ ನೂರಡಿಗೆ ಕೇಳಿ.

ಹೆಚ್ಚು ಜನ ಕೇಳದ ಇನ್ನೊಂದು ದಾರಿಯಿದೆ. ಪ್ರವಾಹ ಬಂದಾಗ ಎಲ್ಲರೂ ಹೇಳುವುದು ರಾಜ್ಯ ವಿಪತ್ತು ಪರಿಹಾರ ನಿಧಿ. ಅದು ಹಾಳಾದದ್ದನ್ನು ತುರ್ತಾಗಿ ಸರಿಪಡಿಸಲು ಇರುವ ದುಡ್ಡು, ಹೊಸ ಮೋರಿ ಕಟ್ಟಲು ಅಲ್ಲ. ಆದರೆ 15ನೇ ಆಯೋಗ ವಿಪತ್ತಿನ ಹಣದಲ್ಲಿ ಶೇ 20ನ್ನು ಅನಾಹುತ ಆಗದಂತೆ ತಡೆಯುವ ಕೆಲಸಕ್ಕೆ, ಅಂದರೆ ವಿಪತ್ತು ಉಪಶಮನ ನಿಧಿಗೆ, ಬೇರೆಯಾಗಿಯೇ ಇಡಬೇಕೆಂದಿತ್ತು. ಇದಕ್ಕೆ ಜಿಲ್ಲಾಧಿಕಾರಿ ಅಧ್ಯಕ್ಷತೆಯ ಜಿಲ್ಲಾ ವಿಪತ್ತು ನಿರ್ವಹಣಾ ಪ್ರಾಧಿಕಾರಕ್ಕೆ ಬರೆಯಬೇಕು. ಕೆಸರಿನ ಗೆರೆಯ ಫೋಟೊಗಳು ಬೆಲೆ ಬಾಳುವುದು ಇಲ್ಲೇ.

ಕಟ್ಟುವುದಕ್ಕೆ ಎಲ್ಲಿಂದಾದರೂ ದುಡ್ಡು ತರಬಹುದು. ಹೂಳೆತ್ತುವುದಕ್ಕೆ ಸಿಗುವುದು ಕಷ್ಟ. ಅದು ಮನೆ ಕಂದಾಯದಿಂದಲೇ ಆಗಬೇಕು. ಕಂದಾಯ ಬಾಕಿ ಇಟ್ಟುಕೊಂಡು, ಚರಂಡಿಯಲ್ಲಿ ಹೂಳು ತುಂಬಿದೆ ಅಂತ ಪಂಚಾಯಿತಿ ಅಭಿವೃದ್ಧಿ ಅಧಿಕಾರಿ (ಪಿಡಿಒ) ಮೇಲೆ ರೇಗುವವರನ್ನು ಕಂಡರೆ ನನಗೆ ನಗು ಬರುತ್ತದೆ. ಸುಮ್ನೆ ಬೈದರೆ ಹೂಳು ಏಳುತ್ತದಾ? ಮುಂಗಾರಿಗೆ ಮುಂಚೆ, ಮೇ ತಿಂಗಳೊಳಗೆ ಒಮ್ಮೆ, ಉತ್ತರೆ ಮಳೆಗೆ ಮೊದಲು ಇನ್ನೊಮ್ಮೆ ಎತ್ತಿಸಲೇಬೇಕು. ಇದಕ್ಕೊಂದು ಮೊತ್ತ ಪಂಚಾಯಿತಿ ಬಜೆಟ್‌ನಲ್ಲೇ ಬರೆಸಿಡಿ.

ಇದೆಲ್ಲ ಕ್ರಿಯಾ ಯೋಜನೆಗೆ ಸೇರಬೇಕಾದರೆ ಮೊದಲು ವಾರ್ಡ್ ಸಭೆ, ಆಮೇಲೆ ಗ್ರಾಮ ಸಭೆಯಲ್ಲಿ ಬರಬೇಕು. ಮುಂದಿನ ವರ್ಷದ ಯೋಜನೆ ತಯಾರಿ ಸಾಮಾನ್ಯವಾಗಿ ಅಕ್ಟೋಬರ್ ಎರಡರಿಂದ ಶುರುವಾಗುತ್ತದೆ, ಅಂದರೆ ಮಳೆಯ ನೆನಪು ಹಸಿಯಾಗಿರುವಾಗಲೇ. ನಡಾವಳಿಯಲ್ಲಿ "ಗ್ರಾಮದಲ್ಲಿ ಚರಂಡಿ ಕಾಮಗಾರಿ" ಅಂತ ಬರೆದರೆ ಅದು ಯಾರ ಮನೆ ಮುಂದೆ ಬೇಕಾದರೂ ಆಗಬಹುದು. ಎಲ್ಲಿಂದ ಎಲ್ಲಿಗೆ, ಎಷ್ಟು ಮೀಟರ್, ನೀರು ಕೊನೆಗೆ ಯಾವ ಸರ್ವೆ ನಂಬರಿನ ಹಳ್ಳಕ್ಕೆ ಬೀಳುತ್ತದೆ ಅಂತ ಬರೆಸಿ. ಆ ನಡಾವಳಿಯ ನಕಲನ್ನು ಲೋಕೋಪಯೋಗಿ ಇಲಾಖೆಗೆ, ತಹಶೀಲ್ದಾರರಿಗೆ, ಜಿಲ್ಲಾಧಿಕಾರಿ ಕಚೇರಿಗೆ ಒಂದೊಂದು ಕೊಟ್ಟು, ಸ್ವೀಕೃತಿಯ ಸೀಲು ಹಾಕಿಸಿಕೊಂಡು ಬನ್ನಿ.