ಬಿಳಿಗುಂಡ್ಲುವಿಗೆ ಕಾಣದ ತೋಡುಗಳು

ಕಾವೇರಿ ನೀರಿನ ನೀತಿಯ ಮಾತು ಬಂದಾಗಲೆಲ್ಲ ಎಲ್ಲರ ಕಣ್ಣು ತಮಿಳುನಾಡು ಗಡಿಯಲ್ಲಿರುವ ಬಿಳಿಗುಂಡ್ಲುವಿನ ಮಾಪನ ಕೇಂದ್ರದ ಮೇಲಿರುತ್ತದೆ. 2018ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟ್ ನೀಡಿದ ತೀರ್ಪಿನಂತೆ ಸಾಮಾನ್ಯ ಮಳೆ ವರ್ಷದಲ್ಲಿ ಅಲ್ಲಿಂದ ತಮಿಳುನಾಡಿಗೆ 177.25 ಟಿಎಂಸಿ ನೀರು ಹರಿಯಬೇಕು. ದಶಕಗಳ ಹರಿವಿನ ದಾಖಲೆಗಳಿಲ್ಲದಿದ್ದರೆ ಇಂಥ ಹಂಚಿಕೆಯನ್ನು ವಾದಿಸುವುದೂ ಸಾಧ್ಯವಿರಲಿಲ್ಲ. ಆದರೆ ಅದೇ ನದಿಗೆ ಬೇಸಿಗೆಯಲ್ಲಿ ನೀರೂಡುವ ಕೊಡಗಿನ ತೋಡುಗಳಲ್ಲಿ, ಎಂದರೆ ಸಣ್ಣ ಹಳ್ಳಗಳಲ್ಲಿ, ಬಹುಪಾಲಿಗೆ ಅಳತೆಗೋಲೇ ಇಲ್ಲ. ಅವುಗಳ ಬಗ್ಗೆ ತಿಳಿದಿರುವುದೆಲ್ಲ ದಡದಲ್ಲಿ ಬದುಕುವವರ ಬಳಿ ಇದೆ.

ಆ ತಿಳಿವಳಿಕೆ ಒಂದೇ ಬಗೆಯದಲ್ಲ. ಕಾಫಿ ತೋಟದ ಮನೆಗಳಲ್ಲಿ ತಲೆಮಾರುಗಳಿಂದ ಇಂಚು ಮತ್ತು ಸೆಂಟಿನಲ್ಲಿ (ಇಂಚಿನ ನೂರನೇ ಒಂದು ಭಾಗ) ಬರೆದಿಟ್ಟ ಮಳೆ ಪುಸ್ತಕಗಳಿವೆ. ಭಾಗಮಂಡಲದಿಂದ ಕುಶಾಲನಗರಕ್ಕೆ ಬರುವಷ್ಟರಲ್ಲಿ ಮಳೆ ಹಲವು ಪಟ್ಟು ಇಳಿಯುವ ಜಿಲ್ಲೆಯಲ್ಲಿ, ಹೋಬಳಿಗೊಂದು ಮಾಪಕ ತೋರಿಸಲಾರದ್ದನ್ನು ಈ ಪುಸ್ತಕಗಳು ತೋರಿಸುತ್ತವೆ. ಗದ್ದೆ ಮಾಡುವವರಿಗೆ ಯಾವ ಒರತೆ ಯಾವ ತಿಂಗಳಲ್ಲಿ ಕೈಕೊಡುತ್ತದೆ ಎಂಬುದು ಗೊತ್ತು. ಮೀನು, ಏಡಿ ಹಿಡಿಯುವ ಯರವ ಮತ್ತು ಕುರುಬ ಬುಡಕಟ್ಟು ಕುಟುಂಬಗಳಿಗೆ ಮಳೆ ಬರುವವರೆಗೂ ನೀರುಳಿಯುವ ಗುಂಡಿ ಯಾವುದೆಂದು ಗೊತ್ತು. ಆದರೂ ಪಂಚಾಯಿತಿಯ ನೀರಿನ ಯೋಜನೆಯ ಸಭೆಯಲ್ಲಿ ತೋಟದ ಮಾಲೀಕರ ಮಳೆ ಪುಸ್ತಕ ಮೇಜಿನ ಮೇಲೆ ಬರುತ್ತದೆಯೇ ಹೊರತು, ತೋಟದ ಕೂಲಿಯವರ ಲೈನ್‌ಮನೆಯಿಂದ ದಿನವೂ ತೋಡಿಗೆ ಇಳಿಯುವ ಯರವ ಹೆಂಗಸಿಗೆ ಸಭೆಯ ಸುದ್ದಿಯೇ ಮುಟ್ಟಿರುವುದಿಲ್ಲ. ಸ್ಥಳೀಯ ಜ್ಞಾನವನ್ನು ಗೌರವಿಸುತ್ತೇವೆ ಎನ್ನುವ, ಜಲವಿಜ್ಞಾನದ ನಮ್ಮ ವೃತ್ತಿಯವರು ಹೆಚ್ಚಾಗಿ ಗೌರವಿಸುವುದು ಜಮೀನು ಇರುವವರ ಜ್ಞಾನವನ್ನು.

ಗೌರವಿಸುವುದೆಂದರೆ ಹೇಳಿದ್ದನ್ನೆಲ್ಲ ಒಪ್ಪುವುದೆಂದೂ ಅಲ್ಲ. ಕೊಡಗಿನಲ್ಲಿ ದೇವರ ಹೆಸರಿನಲ್ಲಿ ಕಾಪಾಡಿಕೊಂಡು ಬಂದ 1,200ಕ್ಕೂ ಹೆಚ್ಚು ದೇವರಕಾಡುಗಳಿವೆ; ಒಟ್ಟು ವಿಸ್ತೀರ್ಣ ಸುಮಾರು 2,500 ಹೆಕ್ಟೇರ್, ಎಂದರೆ ಸರಾಸರಿ ಒಂದಕ್ಕೆ ಎರಡು ಹೆಕ್ಟೇರ್ ಮಾತ್ರ. ಅಷ್ಟು ಸಣ್ಣ ಕಾಡು ಮಳೆ ತರಿಸುತ್ತದೆ ಎಂಬ ನಂಬಿಕೆಯನ್ನು ಜಲವಿಜ್ಞಾನ ಬೆಂಬಲಿಸುವುದಿಲ್ಲ, ಅದನ್ನು ನಾನು ಸಭೆಗಳಲ್ಲಿ ಹೇಳುತ್ತೇನೆ. ಆದರೆ ಕಾಡು ಹೋದ ಮೇಲೆ ಅದರ ಕೆಳಗಿನ ಒರತೆ ಬೇಗ ಬತ್ತಿತು ಎಂದು ಹಿರಿಯರು ಹೇಳಿದರೆ ಅದು ಬೇರೆಯೇ ಮಾತು. ತುಳಿದು ಗಟ್ಟಿಯಾದ ನೆಲಕ್ಕಿಂತ ಕಾಡಿನ ಮಣ್ಣಿನಲ್ಲಿ ನೀರು ಹೆಚ್ಚು ಇಂಗುವುದು ಪಶ್ಚಿಮ ಘಟ್ಟದ ಅಳತೆಗಳಲ್ಲಿ ಕಂಡಿರುವುದರಿಂದ, ಆ ಹೇಳಿಕೆಯನ್ನು ಒರತೆ ಒರತೆಗೂ ಹೋಗಿ ಪರೀಕ್ಷಿಸಬಹುದು. ಗದ್ದೆಗಳ ವಿಷಯ ಇನ್ನಷ್ಟು ಸೂಕ್ಷ್ಮವಾದದ್ದು. ಗದ್ದೆ ಪಾಳುಬಿದ್ದು, ಇಲ್ಲವೇ ಬಸಿಗಾಲುವೆ ತೋಡಿ ಶುಂಠಿ, ಅಡಿಕೆ ಹಾಕಿದ್ದರಿಂದ ಬಾವಿ ಬತ್ತಿತು ಎಂಬ ದೂರು ಊರೂರಿನಲ್ಲಿದೆ. ಗದ್ದೆಯ ಬಯಲು ಹಲವೆಡೆ ನೆಲದೊಳಗಿನ ನೀರು ಹೊರಬರುವ ಜಾಗವೇ ಆಗಿರುವುದರಿಂದ ಮೇಲಿನ ಬಾಣೆಯ (ಗದ್ದೆಗೆ ಮೇಲಿರುವ ಎತ್ತರದ ಜಮೀನಿನ) ಬಾವಿ ಬತ್ತಿದ್ದಕ್ಕೆ ಗದ್ದೆ ಕಾರಣವಾಗದೆ ಇರಬಹುದು; ಬಯಲಿನ ಅಂಚಿನ ಮತ್ತು ಕೆಳಗಿನ ಬಾವಿಗಳ ಬಗ್ಗೆ ದೂರು ನಿಜವಿರುವ ಸಾಧ್ಯತೆ ಹೆಚ್ಚು, ಏಕೆಂದರೆ ಏರಿ ಕಟ್ಟಿ ನಿಲ್ಲಿಸುತ್ತಿದ್ದ ನೀರನ್ನು ಬಸಿಗಾಲುವೆ ಬೇಗನೆ ಹರಿಸಿಬಿಡುತ್ತದೆ. ಯಾರ ಬಾವಿ, ಎಷ್ಟು ಎತ್ತರದಲ್ಲಿದೆ, ಯಾವ ವರ್ಷದಿಂದ ಎಂದು ಕೇಳಿ ಬರೆದುಕೊಂಡಾಗಲೇ ಊರಿನ ಮಾತು ಪುರಾವೆಯಾಗುತ್ತದೆ.

ಇದರ ಅಗತ್ಯ ಎದ್ದು ಕಾಣುವುದು ಹೂಮಳೆಯ, ಎಂದರೆ ಕಾಫಿ ಹೂ ಅರಳಿಸುವ ಮಳೆಯ, ಕಾಲದಲ್ಲಿ. ಫೆಬ್ರುವರಿ, ಮಾರ್ಚ್‌ನಲ್ಲಿ ಮಳೆ ಬಾರದಿದ್ದರೆ ರೋಬಸ್ಟಾ ಕಾಫಿ ಗಿಡಗಳಿಗೆ ಸ್ಪ್ರಿಂಕ್ಲರ್‌ನಿಂದಲೇ ನೀರು ಕೊಡಬೇಕು. ಒಂದು ಎಕರೆಗೆ ಒಂದು ಇಂಚು ನೀರೆಂದರೆ ಸುಮಾರು ಒಂದು ಲಕ್ಷ ಲೀಟರ್. ಸೆಕೆಂಡಿಗೆ ಐದು ಲೀಟರ್ ಹರಿಯುವ ತೋಡು ಇಡೀ ದಿನಕ್ಕೆ ಕೊಡುವುದು 4.32 ಲಕ್ಷ ಲೀಟರ್. ಹತ್ತು ಎಕರೆಯ ಒಂದು ತೋಟಕ್ಕೆ ಒಂದು ಇಂಚು ನೀರು ಕೊಡಲು ಆ ತೋಡಿನ ಎರಡು ದಿನಗಳ ಪೂರ್ತಿ ಹರಿವೂ ಸಾಲದು, ಕೆಳಗಿನ ಹಾಡಿಯವರು (ಬುಡಕಟ್ಟು ವಸತಿಯವರು) ಕುಡಿಯುವುದೂ ಅದೇ ನೀರನ್ನು. ಬೇಸಿಗೆಯಲ್ಲಿ ಪಂಪ್ ನಿರ್ಬಂಧಿಸುವ ಆದೇಶವನ್ನು ಇಡೀ ಜಿಲ್ಲೆಗೆ ಒಂದೇ ದಿನಾಂಕದಿಂದ ಹೊರಡಿಸಿದರೆ, ನೀರಿರುವ ತೋಡಿನವರಿಗೆ ಅದು ಅನ್ಯಾಯ, ಬತ್ತಿದ ತೋಡಿನವರಿಗೆ ತಡವಾದ ನ್ಯಾಯ. ಪ್ರತಿ ತೋಡಿಗೂ ಒಂದು ಅಳತೆಗೋಲು ನೆಟ್ಟು, ಕುಡಿಯುವ ನೀರಿಗೂ ಮೀನು ಬದುಕುವುದಕ್ಕೂ ಕನಿಷ್ಠ ಮಟ್ಟವೆಷ್ಟು ಎಂಬುದನ್ನು ಆ ತೋಡನ್ನು ಬಲ್ಲವರ ಜೊತೆ ಕೂತು ಗುರುತಿಸಿ, ನೀರು ಆ ಗೆರೆಗೆ ಇಳಿದ ದಿನವೇ ನಿರ್ಬಂಧ ಜಾರಿಗೆ ಬರುವಂತೆ ಮಾಡುವುದು ಹೆಚ್ಚು ಸರಿ.

ಕಾನೂನಿನ ಆಧಾರ ಸ್ವಲ್ಪಮಟ್ಟಿಗೆ ಈಗಲೇ ಇದೆ. 2006ರ ಅರಣ್ಯ ಹಕ್ಕು ಕಾಯ್ದೆಯ 5ನೇ ಸೆಕ್ಷನ್, ಹಕ್ಕುದಾರರಿಗೂ ಗ್ರಾಮಸಭೆಗೂ ಸುತ್ತಲಿನ ಜಲಾನಯನ ಪ್ರದೇಶ ಮತ್ತು ನೀರಿನ ಮೂಲಗಳನ್ನು ಕಾಪಾಡುವ ಅಧಿಕಾರ ಕೊಟ್ಟಿದೆ. ಅದು ಅನ್ವಯಿಸುವುದು ಅರಣ್ಯ ಹಕ್ಕು ಇರುವ ಕಡೆ ಮಾತ್ರ. ತೋಟಗಳ ನಡುವಿನ ತೋಡುಗಳಿಗೆ ಪಂಚಾಯಿತಿಯ ನಿರ್ಣಯವೂ ಜಿಲ್ಲಾಧಿಕಾರಿಯ ಆದೇಶವೂ ಬೇಕಾಗುತ್ತದೆ. ಕೋಲಿನ ಅಳತೆಯನ್ನು ದಿನವೂ ಬರೆದಿಡುವ ಕೆಲಸವನ್ನು ಹಾಡಿಯವರಿಗೇ, ಕೂಲಿ ಕೊಟ್ಟು, ವಹಿಸಬೇಕೆಂಬುದು ನನ್ನ ಸಲಹೆ. ಆ ಕೂಲಿ ಪಂಚಾಯಿತಿಯ ಯಾವ ಲೆಕ್ಕಶೀರ್ಷಿಕೆಯಿಂದ ಬರುತ್ತದೆ ಎಂಬುದು ನಿರ್ಣಯದಲ್ಲೇ ಬರೆದಿರಬೇಕು.