ಓದುಗರ ಪ್ರಶ್ನೆ: ಒಂದೇ ಮನೆಯಲ್ಲಿ ಎರಡು ಡಿಎಚ್‌ಸಿಪಿ ಇಟ್ಟರೆ ನೆಟ್ ಬೀಳುತ್ತದೆಯೇ?

"ನಮ್ಮದು ಬನಹಟ್ಟಿ. ಕೆಳಗ ಮಗ್ಗ, ಮ್ಯಾಲ ಮನಿ. ಕ್ಯಾಮೆರಾ ಡಿವಿಆರ್, ಪ್ರಿಂಟರ್, ಟೀವಿ, ಮಂದಿ ಫೋನು ಎಲ್ಲಾ ಹಿಡದು ಮೂವತ್ತರ ಮ್ಯಾಲ ಅದಾವ. ಐಪಿ ಕೊಡೂದು ನಿಂತ್ರ ಎಲ್ಲಾ ನಿಂತಂಗ. ಅದಕ್ಕ ಎರಡನೇದೊಂದು ಡಿಎಚ್‌ಸಿಪಿ ಇಡೂಣು ಅಂದ್ರ, ನೆಟ್ ಹಚ್ಚಾಕ ಬಂದಾವ 'ಒಂದ ಮನ್ಯಾಗ ಎರಡು ನಡಿಯೂದಿಲ್ರೀ, ಬಡದಾಡ್ತಾವ' ಅಂದ. ಖರೇನ?"

ಖರೆ ಅಲ್ಲ. ಡಿಎಚ್‌ಸಿಪಿ ಎಂದರೆ ಮನೆಯ ಪ್ರತಿ ಸಾಮಾನಿಗೆ ಜಾಲದ ವಿಳಾಸ (ಐಪಿ) ಹಂಚುವ ಏರ್ಪಾಡು; ಹಂಚುವುದನ್ನು ಸರ್ವರ್ ಎನ್ನುತ್ತಾರೆ. ಅಂಥವು ಎರಡು ಇಡಬಹುದು, ಚಂದಾಗಿ ನಡೆಯುತ್ತವೆ. ಇದೇ ಪ್ರಶ್ನೆ ವಿಜಯಪುರದಿಂದ ಬಂದಿದೆ, ಬಾಗಲಕೋಟೆಯ ನವನಗರದಿಂದ ಬಂದಿದೆ, ಬೆಳಗಾವಿಯಿಂದ ಎರಡೆರಡು ಸಲ ಬಂದಿದೆ. ಪ್ರತಿ ಸಲ ನಾಲ್ಕು ಸಾಲು ಬರೆದು ಸಾಕಾಗಿದೆ. ಈ ಸಲ ಉದ್ದಕ್ಕೇ ಬರೆಯುತ್ತೇನೆ; ಮುಂದೆ ಯಾರು ಕೇಳಿದರೂ ಇದನ್ನೇ ಕೈಗಿಟ್ಟರಾಯಿತು.

ಮೊದಲು ಆ "ಬಡದಾಡ್ತಾವ" ಎಂಬ ಮಾತನ್ನು ಬುಡದಿಂದ ಕೀಳೋಣ.

ಡಿಎಚ್‌ಸಿಪಿಯ ನಿಯಮ ಬರೆದಿಟ್ಟಿರುವ ದಾಖಲೆ ಆರ್‌ಎಫ್‌ಸಿ 2131, 1997ರದು. ಅದರ ಪ್ರಕಾರ ಹೊಸದಾಗಿ ಬಂದ ಫೋನು ಮೊದಲು ಇಡೀ ಜಾಲಕ್ಕೆ ಕೇಳುವಂತೆ "ಯಾರಾದರೂ ವಿಳಾಸ ಕೊಡ್ತೀರಾ?" ಎಂದು ಕೂಗುತ್ತದೆ. ಸರ್ವರ್‌ಗಳು "ತಗೋ, ಇದು ನಿನಗೆ" ಎಂದು ಒಂದೊಂದು ವಿಳಾಸ ಮುಂದಿಡುತ್ತವೆ. ಫೋನು ಅವುಗಳಲ್ಲಿ ಒಂದನ್ನು ಆರಿಸಿಕೊಂಡು "ಇಂಥವನು ಕೊಟ್ಟಿದ್ದು ನನಗಿರಲಿ" ಎನ್ನುತ್ತದೆ. ಆ ಸರ್ವರ್ "ಆಯ್ತು" ಎಂದರೆ ಕೆಲಸ ಮುಗಿಯಿತು. ಇಲ್ಲಿ ಮೂರನೇ ಹೆಜ್ಜೆಯನ್ನು ಸರಿಯಾಗಿ ನೋಡಿ. ಯಾರದ್ದು ಬೇಕೋ ಅವನಿಗಷ್ಟೇ ಹೇಳಿದರೆ ಸಾಕಿತ್ತು, ಆದರೆ ಫೋನು ಅದನ್ನೂ ಇಡೀ ಜಾಲಕ್ಕೇ ಕೂಗಿ ಹೇಳುತ್ತದೆ, ಆರಿಸಿದ ಸರ್ವರಿನ ಗುರುತನ್ನೂ ಜೊತೆಗೆ ಇಡುತ್ತದೆ. ಯಾಕೆ? ಉಳಿದ ಸರ್ವರ್‌ಗಳು ಕೇಳಿಸಿಕೊಂಡು, ತಾವು ಎತ್ತಿಟ್ಟ ವಿಳಾಸವನ್ನು ವಾಪಸ್ ಗಂಟಿಗೆ ಹಾಕಿಕೊಳ್ಳಲಿ ಎಂದು. ಒಂದಕ್ಕಿಂತ ಹೆಚ್ಚು ಸರ್ವರ್ ಇರಲೇಬಾರದು ಎಂದಿದ್ದರೆ ಈ ಕೂಗಾಟ ಯಾರಿಗಾಗಿ? ನಿಯಮ ಬರೆದವರು ಎರಡು, ಮೂರು ಸರ್ವರ್ ಇರುತ್ತವೆಂದು ತಿಳಿದೇ ಬರೆದಿದ್ದಾರೆ.

ಹಾಗಾದರೆ ನೆಟ್ ಹಚ್ಚುವವನು ಸುಳ್ಳು ಹೇಳಿದನೇ? ಇಲ್ಲ. ನೆಟ್ ಬಿದ್ದಿದ್ದನ್ನು ಅವನು ಕಣ್ಣಾರೆ ಕಂಡಿರುತ್ತಾನೆ. ಕಾರಣವನ್ನು ಮಾತ್ರ ತಪ್ಪು ಹಿಡಿದಿದ್ದಾನೆ.

ಅವನು ಕಂಡಿದ್ದು ಬಹುತೇಕ ಇದು: ಮೇಲಿನ ಮನೆಯ ಬಾಡಿಗೆಯವರು ಹೊಸ ರೌಟರ್ ತಂದು, ಪೆಟ್ಟಿಗೆಯಿಂದ ತೆಗೆದದ್ದೇ, ಕೆಳಗಿನಿಂದ ಬಂದ ಕೇಬಲ್ಲನ್ನು ಅದರ ಲ್ಯಾನ್ (ಮನೆಯೊಳಗಿನ ಜಾಲದ) ತೂತಿಗೆ ಚುಚ್ಚಿದ್ದಾರೆ. ಆ ರೌಟರಿಗೆ ತಾನೇ ಮನೆಯ ಯಜಮಾನ ಎಂಬ ಭ್ರಮೆ. ಕೇಳಿದವರಿಗೆಲ್ಲ 192.168.0.ಇಷ್ಟು ಎಂಬ ವಿಳಾಸ ಕೊಟ್ಟು, "ಹೊರಗೆ ಹೋಗುವ ಬಾಗಿಲು ನಾನೇ" ಎಂದು ತನ್ನನ್ನೇ ಗೇಟ್‌ವೇ ಮಾಡಿ ಹೇಳುತ್ತದೆ. ಅದರ ಹಿಂದೆ ಬಾಗಿಲೇ ಇಲ್ಲ, ಗೋಡೆ. ಅದರ ಕೈಗೆ ಸಿಕ್ಕ ಫೋನುಗಳಲ್ಲಿ ವೈಫೈ ಗುರುತು ಪೂರ್ತಿ, ಇಂಟರ್ನೆಟ್ ಸೊನ್ನೆ. ಮನೆಗೆ ಇಂಟರ್ನೆಟ್ ತರುವ ಫೈಬರ್ ಡಬ್ಬಿಯಿಂದ ವಿಳಾಸ ಪಡೆದ ಫೋನುಗಳು ಆರಾಮ. ಅರ್ಧ ಮನೆ ನಡೆಯುತ್ತದೆ, ಅರ್ಧ ನಡೆಯುವುದಿಲ್ಲ, ನಾಳೆ ಆ ಅರ್ಧ ಈ ಅರ್ಧವಾಗುತ್ತದೆ. ನೋಡಿದವನಿಗೆ ಎರಡೂ ಬಡಿದಾಡಿದಂತೆಯೇ ಕಾಣುತ್ತದೆ. ನಿಜಕ್ಕೂ ಆಗಿದ್ದು ಇಷ್ಟೇ: ಒಂದು ಸರ್ವರ್ ಸರಿಯಾದ ದಾರಿ ಹೇಳಿತು, ಇನ್ನೊಂದು ತಪ್ಪು ದಾರಿ ಹೇಳಿತು.

ಎರಡನೆಯ ಕಾರಣ, ಎರಡಕ್ಕೂ ಒಂದೇ ಪೂಲ್, ಅಂದರೆ ಹಂಚಲು ಇಟ್ಟ ವಿಳಾಸಗಳ ಗಂಟು, ಕೊಟ್ಟಿರುವುದು. ವಿಳಾಸದ ಕೊನೆಯ ಅಂಕಿ ಇದಕ್ಕೂ 100ರಿಂದ 199, ಅದಕ್ಕೂ 100ರಿಂದ 199. ಒಂದು ಬರೆದಿಟ್ಟ ಲೆಕ್ಕ ಇನ್ನೊಂದಕ್ಕೆ ಗೊತ್ತಿಲ್ಲ. 104 ಅನ್ನು ಇದು ಟೀವಿಗೆ ಕೊಟ್ಟಿತು, ಅದು ಅಳಿಯನ ಫೋನಿಗೆ ಕೊಟ್ಟಿತು. ಆಮೇಲೆ ಟೀವಿ ಹತ್ತು ನಿಮಿಷಕ್ಕೊಮ್ಮೆ ತಿರುಗುತ್ತ ನಿಲ್ಲುತ್ತದೆ.

ಮೂರನೆಯದು ಸೂಕ್ಷ್ಮದ್ದು, ಬಲ್ಲವರೂ ಇಲ್ಲಿಯೇ ಎಡವುವುದು. ಮನೆಯ ರೌಟರುಗಳಲ್ಲಿ, ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರುಗಳಲ್ಲಿ ಹೆಚ್ಚಾಗಿ ಓಡುವುದು ಡಿಎನ್‌ಎಸ್‌ಮಾಸ್ಕ್ ಎಂಬ ಸಣ್ಣ ಸಾಫ್ಟ್‌ವೇರ್. ಅದಕ್ಕೆ "ಅಥಾರಿಟೇಟಿವ್" ಎಂಬೊಂದು ಆಯ್ಕೆ ಇದೆ. ಅರ್ಥ, "ಈ ಜಾಲದಲ್ಲಿ ನಾನೊಬ್ಬನೇ". ಓಪನ್‌ಡಬ್ಲ್ಯೂಆರ್‌ಟಿ (ರೌಟರಿನ ಮೂಲ ಸಾಫ್ಟ್‌ವೇರ್ ಬದಲಿಗೆ ಹಾಕುವಂಥದ್ದು) ಹಾಕಿದ ರೌಟರಿನಲ್ಲಿ ಇದು ಮೊದಲಿಂದಲೇ ಟಿಕ್ ಆಗಿರುತ್ತದೆ. ಆಗ ಫೋನು ಇನ್ನೊಂದು ಸರ್ವರಿನ ಹೆಸರು ಹೇಳಿ "ಅವನದ್ದು ನನಗಿರಲಿ" ಎಂದು ಕೂಗಿದರೆ ಇದು ಸುಮ್ಮನಿರುವುದಿಲ್ಲ. "ಅದು ತಪ್ಪು ಸರ್ವರ್, ಆಗುವುದಿಲ್ಲ" ಎಂದು ನಿರಾಕರಣೆ ಕಳಿಸುತ್ತದೆ. ಫೋನು ಮತ್ತೆ ಮೊದಲಿಂದ ಶುರು. ಬಡಿದಾಟ ಎಂಬ ಮಾತಿಗೆ ಹತ್ತಿರವಾದದ್ದು ಇದೊಂದೇ, ಮತ್ತು ಅದು ಒಂದು ಟಿಕ್ ತೆಗೆದರೆ ಮುಗಿಯುವ ಜಗಳ. ಇಷ್ಟಕ್ಕೆ "ಎರಡು ನಡೆಯುವುದಿಲ್ಲ" ಎನ್ನುವುದು, ಹಿಟ್ಟಿನ ಗಿರಣಿಯಲ್ಲಿ ಇಬ್ಬರು ಚೀಟಿ ಕೊಟ್ಟರೆ ಜೋಳವೇ ಬೀಸುವುದಿಲ್ಲ ಎಂದ ಹಾಗೆ. ಒಬ್ಬ ಐವತ್ತರ ಮೇಲಿನ ಚೀಟಿ ಕೊಡಲಿ, ಇನ್ನೊಬ್ಬ ನೂರೈವತ್ತರ ಮೇಲಿನದು ಕೊಡಲಿ. ಡಬ್ಬಿ ಅದಲುಬದಲಾಗುವುದೆಲ್ಲಿಂದ ಬಂತು?

ಇನ್ನು ಕೆಲಸಕ್ಕೆ ಬರೋಣ. ಕಂಪನಿಯವರು ಕೊಟ್ಟ ಫೈಬರ್ ಡಬ್ಬಿ 192.168.1.1ರಲ್ಲಿದೆ, ಅದೇ ಗೇಟ್‌ವೇ, ಅದೇ ಮೊದಲ ಡಿಎಚ್‌ಸಿಪಿ ಎಂದುಕೊಳ್ಳೋಣ. ಎರಡನೆಯದು, ಮೂಲೆಯಲ್ಲಿ ಬಿದ್ದಿರುವ ಹಳೇ ರೌಟರಿಗೆ ಓಪನ್‌ಡಬ್ಲ್ಯೂಆರ್‌ಟಿ ಹಾಕಿದ್ದು.

ಮೊದಲು ಹಾಳೆಯ ಮೇಲೆ ವಿಳಾಸಗಳನ್ನು ಹಂಚಿಕೊಳ್ಳಿ; ಕೊನೆಯ ಅಂಕಿಯನ್ನಷ್ಟೇ ಬರೆಯುತ್ತೇನೆ. 1 ಗೇಟ್‌ವೇ. 2 ಹಳೇ ರೌಟರ್. 10ರಿಂದ 49 ಜಾಗ ಬದಲಿಸಬಾರದ ಸಾಮಾನಿಗೆ: ಡಿವಿಆರ್, ಪ್ರಿಂಟರ್. 50ರಿಂದ 149 ಫೈಬರ್ ಡಬ್ಬಿಯ ಪೂಲ್. 150ರಿಂದ 249 ಹಳೇ ರೌಟರಿನ ಪೂಲ್. ಎರಡರ ಕೈಯಲ್ಲೂ ನೂರು ನೂರು. 80ಕ್ಕೆ 20ರಂತೆ ಹಂಚಬೇಕೆಂದು ಎಲ್ಲೋ ಓದಿದವರು ಇದ್ದಾರೆ. ಅದು ವಿಳಾಸದ ಬರ ಇರುವ ಆಫೀಸುಗಳ ಲೆಕ್ಕ. ಮೂವತ್ತು ಸಾಮಾನಿನ ಮನೆಗೆ ಬೇಕಾದದ್ದು, ಒಂದು ಸತ್ತರೆ ಇನ್ನೊಂದರ ಪೂಲ್ ಒಂದೇ ಇಡೀ ಮನೆಗೆ ಸಾಲುವಂತಿರಬೇಕು, ಅಷ್ಟೇ.

ಹಳೇ ರೌಟರಿನ ಲ್ಯಾನ್ ವಿಳಾಸವನ್ನು ಕೈಯಿಂದಲೇ 192.168.1.2 ಮಾಡಿ, ಮಾಸ್ಕ್ 255.255.255.0, ಅದರ ಗೇಟ್‌ವೇ ಮತ್ತು ಡಿಎನ್‌ಎಸ್ (ವೆಬ್‌ಸೈಟಿನ ಹೆಸರಿಗೆ ವಿಳಾಸ ಹುಡುಕಿಕೊಡುವುದು) 192.168.1.1. ಇನ್ನೊಬ್ಬರಿಗೆ ವಿಳಾಸ ಕೊಡುವ ಸರ್ವರ್ ತನ್ನ ವಿಳಾಸವನ್ನು ಬೇರೆ ಡಿಎಚ್‌ಸಿಪಿಯಿಂದ ಬೇಡಬಾರದು. ಕೇಬಲ್ ಲ್ಯಾನಿನಿಂದ ಲ್ಯಾನಿಗೆ. ವ್ಯಾನ್ (ಹೊರಗಿನ ಇಂಟರ್ನೆಟ್ಟಿನ) ತೂತು ಖಾಲಿ ಇರಲಿ.

ಆಮೇಲೆ ಲ್ಯಾನ್ ಇಂಟರ್‌ಫೇಸಿನ ಡಿಎಚ್‌ಸಿಪಿ ಪುಟ. ಸ್ಟಾರ್ಟ್ 150, ಲಿಮಿಟ್ 100. ಲಿಮಿಟ್ ಎಂದರೆ ಕೊನೆಯ ವಿಳಾಸ ಅಲ್ಲ, ಎಷ್ಟು ವಿಳಾಸ ಎಂಬ ಎಣಿಕೆ. ಅಲ್ಲಿ 249 ಎಂದು ತುಂಬುವವರೇ ಜಾಸ್ತಿ. ಏನೂ ಬದಲಿಸದೆ ಬಿಟ್ಟರೆ ಅದು ಮೊದಲೇ ಇರುವಂತೆ 100ರಿಂದ 249ರವರೆಗೆ ಹಂಚುತ್ತದೆ, ಅಂದರೆ ನಿಮ್ಮ ಫೈಬರ್ ಡಬ್ಬಿಯ ಅರ್ಧ ಪೂಲಿನ ಮೇಲೆ ಕುಳಿತುಬಿಡುತ್ತದೆ. ಮುಂದಿನ ಅಡ್ವಾನ್ಸ್‌ಡ್ ಭಾಗದ ಡಿಎಚ್‌ಸಿಪಿ ಆಪ್ಷನ್ಸ್‌ನಲ್ಲಿ ಎರಡು ಸಾಲು: "3,192.168.1.1" ಮತ್ತು "6,192.168.1.1". ಮೂರು ಎಂದರೆ ಗೇಟ್‌ವೇ, ಆರು ಎಂದರೆ ಡಿಎನ್‌ಎಸ್. ಇವನ್ನು ಬರೆಯದಿದ್ದರೆ ಅದು ಎರಡಕ್ಕೂ ತನ್ನ ಹೆಸರನ್ನೇ ಹೇಳುತ್ತದೆ. ಮೇಲಿನ ಬಾಡಿಗೆಯವರ ಕಥೆ ನಿಮ್ಮ ಮನೆಯಲ್ಲೂ ಶುರುವಾಗುತ್ತದೆ.

ಅಲ್ಲಿಯೇ "ಫೋರ್ಸ್" ಎಂಬುದನ್ನು ಟಿಕ್ ಮಾಡಿ. ಓಪನ್‌ಡಬ್ಲ್ಯೂಆರ್‌ಟಿ ಏಳುವಾಗ ಜಾಲದಲ್ಲಿ ಬೇರೆ ಡಿಎಚ್‌ಸಿಪಿ ಇದೆಯೇ ಎಂದು ನೋಡುತ್ತದೆ. ಇದ್ದರೆ ಮರ್ಯಾದೆಯಿಂದ ತಾನು ಸುಮ್ಮನೆ ಕೂರುತ್ತದೆ. ಒಳ್ಳೆಯ ಗುಣ, ಆದರೆ ನಮಗಿಲ್ಲಿ ಬೇಡ. ಇದನ್ನು ಮರೆತವರಿಗೆ ಕರೆಂಟ್ ಹೋಗಿ ಬಂದ ದಿನ ಎರಡನೇ ಸರ್ವರ್ ನಡೆಯುತ್ತದೆ, ತಾವೇ ರೀಸ್ಟಾರ್ಟ್ ಮಾಡಿದ ದಿನ ನಡೆಯುವುದಿಲ್ಲ. ದೆವ್ವವಲ್ಲ: ಕರೆಂಟ್ ಬಂದಾಗ ಫೈಬರ್ ಡಬ್ಬಿ ಇನ್ನೂ ಎದ್ದಿರುವುದಿಲ್ಲ, ಹಾಗಾಗಿ ಹಳೇ ರೌಟರಿನ ಕಣ್ಣಿಗೆ ಬೀಳುವುದಿಲ್ಲ.

"ಡಿಎಚ್‌ಸಿಪಿ ಆಂಡ್ ಡಿಎನ್‌ಎಸ್" ಪುಟಕ್ಕೆ ಹೋಗಿ ಅಥಾರಿಟೇಟಿವ್ ಟಿಕ್ ತೆಗೆಯಿರಿ. ಐಪಿವಿ6 ಎಂಬ ಹೊಸ ಬಗೆಯ ವಿಳಾಸಗಳ ವಿಭಾಗದಲ್ಲಿ ಆರ್‌ಎ ಮತ್ತು ಡಿಎಚ್‌ಸಿಪಿವಿ6 ಎರಡನ್ನೂ ಬಂದ್ ಮಾಡಿ, ಆ ಕೆಲಸ ಫೈಬರ್ ಡಬ್ಬಿಗೇ ಇರಲಿ. ಫೈಬರ್ ಡಬ್ಬಿಯಲ್ಲಿ ಮಾಡಬೇಕಾದದ್ದು ಒಂದೇ: ಪೂಲನ್ನು 50ರಿಂದ 149ಕ್ಕೆ ಇಳಿಸುವುದು. ಡಿವಿಆರ್, ಪ್ರಿಂಟರುಗಳಿಗೆ ಅವುಗಳ ಮೆನುವಿನಲ್ಲಿಯೇ ವಿಳಾಸ ತುಂಬಿ. ರಿಸರ್ವೇಷನ್ (ಸರ್ವರೇ ಒಂದು ಸಾಮಾನಿಗೆ ಒಂದೇ ವಿಳಾಸ ಕಾಯ್ದಿಡುವ) ದಾರಿಯೇ ಬೇಕೆಂದರೆ ಅದೇ ಮ್ಯಾಕ್‌ಗೆ, ಅಂದರೆ ಸಾಮಾನಿನ ಗುರುತಿನ ಸಂಖ್ಯೆಗೆ, ಅದೇ ವಿಳಾಸ ಎರಡೂ ಸರ್ವರಿನಲ್ಲಿ ಬರೆಯಬೇಕು. ಒಂದರಲ್ಲಿ ಬರೆದು ಮರೆತರೆ, ಯಾವತ್ತೋ ಒಂದು ದಿನ ಡಿವಿಆರ್ 163ಕ್ಕೆ ಹೋಗಿ ಕೂತು, ಊರಿನಿಂದ ಕ್ಯಾಮೆರಾ ಕಾಣುವುದಿಲ್ಲ.

ಪರೀಕ್ಷೆ ಮಾಡದೆ ಎದ್ದು ಹೋಗಬೇಡಿ. ಫೈಬರ್ ಡಬ್ಬಿಯಲ್ಲಿ ಡಿಎಚ್‌ಸಿಪಿಯನ್ನಷ್ಟೇ ಬಂದ್ ಮಾಡಿ, ಡಬ್ಬಿಯನ್ನಲ್ಲ. ಫೋನಿನಲ್ಲಿ ಆ ವೈಫೈಯನ್ನು ಫರ್ಗೆಟ್ ಮಾಡಿ ಮತ್ತೆ ಸೇರಿಸಿ. ವಿಳಾಸ 150ರ ಮೇಲಿದೆಯೇ, ಇಂಟರ್ನೆಟ್ ಬರುತ್ತಿದೆಯೇ? ಎರಡೂ ಹೌದಾದರೆ ಸರಿ. ವಿಳಾಸ ಬಂದು ಇಂಟರ್ನೆಟ್ ಬರದಿದ್ದರೆ ಆಪ್ಷನ್ 3ರ ಸಾಲು ತಪ್ಪಿದೆ. ಕಂಪ್ಯೂಟರಿನಲ್ಲಿ 169.254ರಿಂದ ಶುರುವಾಗುವ ವಿಳಾಸ ಕಂಡರೆ ಯಾವ ಸರ್ವರೂ ಉತ್ತರಿಸಿಲ್ಲ, ಫೋರ್ಸ್ ನೋಡಿ. ಆಮೇಲೆ ಫೈಬರ್ ಡಬ್ಬಿಯ ಡಿಎಚ್‌ಸಿಪಿ ಚಾಲೂ ಮಾಡಿ, ಹಳೇ ರೌಟರಿನದನ್ನು ಬಂದ್ ಮಾಡಿ, ಮತ್ತೊಮ್ಮೆ ನೋಡಿ.

ಎರಡೂ ಚಾಲೂ ಇದ್ದಾಗ ಹಳೇ ರೌಟರಿನ ಪಟ್ಟಿ ಹೆಚ್ಚುಕಡಿಮೆ ಖಾಲಿ ಇರುವುದುಂಟು. ಗಾಬರಿ ಬೇಡ. ಡಿಎನ್‌ಎಸ್‌ಮಾಸ್ಕ್ ವಿಳಾಸ ಮುಂದಿಡುವ ಮೊದಲು ಅದಕ್ಕೆ ಪಿಂಗ್ ಹೊಡೆದು, ಯಾರಾದರೂ ಅಲ್ಲಿದ್ದಾರೆಯೇ ಎಂದು ಸ್ವಲ್ಪ ಕಾಯುತ್ತದೆ. ಅಷ್ಟರಲ್ಲಿ ಫೈಬರ್ ಡಬ್ಬಿ ಕೊಟ್ಟುಬಿಟ್ಟಿರುತ್ತದೆ, ಫೋನುಗಳು ಸಾಮಾನ್ಯವಾಗಿ ಮೊದಲು ಬಂದದ್ದನ್ನೇ ಹಿಡಿಯುತ್ತವೆ.

ಪ್ರಶ್ನೆಯೊಳಗಿನ ಇನ್ನೊಂದು ಮಾತು: "ಐಪಿ ಕೊಡೂದು ನಿಂತ್ರ ಎಲ್ಲಾ ನಿಂತಂಗ." ಹಂಗೇನಿಲ್ಲ. ಲೀಸ್, ಅಂದರೆ ವಿಳಾಸ ಇಟ್ಟುಕೊಳ್ಳುವ ಅವಧಿ, 12 ಗಂಟೆಯದು, ಫೋನು ಬೆಳಿಗ್ಗೆ 8ಕ್ಕೆ ವಿಳಾಸ ಪಡೆಯಿತು, 10ಕ್ಕೆ ಡಿಎಚ್‌ಸಿಪಿ ಸತ್ತಿತು ಎನ್ನಿ. ಮಧ್ಯಾಹ್ನ 2ರವರೆಗೆ ಫೋನಿಗೆ ಸುದ್ದಿಯೇ ಇಲ್ಲ. ಅರ್ಧ ಅವಧಿ ಮುಗಿದಾಗ ಅದು ಕೊಟ್ಟವನನ್ನೇ ಹುಡುಕಿ ನವೀಕರಣ ಕೇಳುತ್ತದೆ, ಉತ್ತರವಿಲ್ಲ. ಆದರೂ ನೆಟ್ ನಡೆಯುತ್ತಿರುತ್ತದೆ. ಅವಧಿಯ ಶೇಕಡಾ 87.5 ಕಳೆದಾಗ, ಅಂದರೆ ಸಂಜೆ 6:30ಕ್ಕೆ, ಯಾರಾದರೂ ಸರಿ ಎಂದು ಎಲ್ಲರನ್ನೂ ಕೇಳುತ್ತದೆ. ಅಥಾರಿಟೇಟಿವ್ ತೆಗೆದ ಎರಡನೇ ಸರ್ವರ್ ತನಗೆ ಗೊತ್ತಿಲ್ಲದ ವಿಳಾಸವಾದ್ದರಿಂದ ಸುಮ್ಮನಿರುತ್ತದೆ. ರಾತ್ರಿ 8ಕ್ಕೆ ಲೀಸ್ ಮುಗಿದು, ಫೋನು ಹೊಸದಾಗಿ ಕೇಳಿ, 150ರ ಮೇಲಿನದೊಂದು ಪಡೆಯುತ್ತದೆ. ಆ ಹೊತ್ತಿಗೆ ವೀಡಿಯೋ ಕಾಲ್ ನಡೆದಿದ್ದರೆ ಕಡಿದುಹೋಗುತ್ತದೆ. ನಷ್ಟ ಅಷ್ಟು. ಹೊಸದಾಗಿ ಬಂದವರು, ಹೊರಗೆ ಹೋಗಿ ವಾಪಸ್ ಬಂದವರು ಮಾತ್ರ ಕೂಡಲೇ ಸಿಕ್ಕಿಹಾಕಿಕೊಳ್ಳುತ್ತಾರೆ; ಎರಡನೇ ಸರ್ವರ್ ಇರುವುದು ಅವರಿಗಾಗಿ. ವಿಳಾಸವೇ ಬದಲಾಗಬಾರದು ಎಂಬ ಹಠ ಇದ್ದವರಿಗೆ ಕೀಯಾ ಎಂಬ ಸರ್ವರ್ ಇದೆ. ಅದರ ಎರಡು ಪ್ರತಿಗಳು ಲೀಸ್ ಲೆಕ್ಕವನ್ನು ತಮ್ಮೊಳಗೆ ಹಂಚಿಕೊಂಡು ಒಂದೇ ಪೂಲ್ ನೋಡಿಕೊಳ್ಳುತ್ತವೆ. ಮನೆಗೆ ಅಷ್ಟು ದೊಡ್ಡ ಸಂಸಾರ ಬೇಕಿಲ್ಲ.

ಇಲ್ಲಿ ಯಾರೂ ಕೇಳದ, ಕೇಳಲೇಬೇಕಿದ್ದ ಪ್ರಶ್ನೆ ಒಂದಿದೆ. ಫೈಬರ್ ಡಬ್ಬಿಯೇ ಸತ್ತರೆ? ಇಂಟರ್ನೆಟ್ ಇಲ್ಲ, ಎರಡಲ್ಲ ಹತ್ತು ಡಿಎಚ್‌ಸಿಪಿ ಇದ್ದರೂ ಇಲ್ಲ. ಕ್ಯಾಮೆರಾ ನೋಡುವುದು, ಪ್ರಿಂಟ್ ಹೊಡೆಯುವುದು ಮಾತ್ರ ಮನೆಯೊಳಗೆ ನಡೆಯುತ್ತವೆ, ಅದೂ ವೈಫೈ ಬೇರೆ ಡಬ್ಬಿಯಿಂದ ಬರುತ್ತಿದ್ದರೆ. ಸಾಮಾನ್ಯವಾಗಿ ಡಬ್ಬಿ ಕೆಟ್ಟು ಸಾಯುವುದಕ್ಕಿಂತ ಕರೆಂಟ್ ಹೋಗಿ ಸಾಯುವುದೇ ಹೆಚ್ಚು. ಹಾಗಾಗಿ ಎರಡನೇ ಸರ್ವರಿಗೆ ಸಮಯ ಕಳೆಯುವ ಮೊದಲು ಡಬ್ಬಿಗೊಂದು ಸಣ್ಣ ಯುಪಿಎಸ್ ಹಾಕಿ. ಅಡಾಪ್ಟರಿನ ಮೇಲೆ ಬರೆದ ವೋಲ್ಟ್ ಎಷ್ಟಿದೆಯೋ ಅಷ್ಟೇ ಇರಬೇಕು. ಆಂಪಿಯರ್ ಅಷ್ಟೇ ಅಥವಾ ಹೆಚ್ಚು ಇರಲಿ. ಹಳೇ ರೌಟರ್ 9 ವೋಲ್ಟಿನದು, ಡಬ್ಬಿ 12ರದು ಇದ್ದರೆ ಪಿನ್ ಹೊಂದಿತೆಂದು ಅದಲುಬದಲು ಚುಚ್ಚಬೇಡಿ.

ಹಳೇ ರೌಟರನ್ನೂ ಬ್ಯಾಟರಿ ಮೇಲೆ ಇಡಲು ಇನ್ನೊಂದು ಕಾರಣ ಇದೆ. ಓಪನ್‌ಡಬ್ಲ್ಯೂಆರ್‌ಟಿ ತನ್ನ ಲೀಸ್ ಪಟ್ಟಿಯನ್ನು ರ್‍ಯಾಮಿನಲ್ಲಿ ಇಡುತ್ತದೆ. ಕರೆಂಟ್ ಹೋದರೆ ಯಾರಿಗೆ ಏನು ಕೊಟ್ಟಿತ್ತೆಂಬುದು ಅಳಿಸಿಹೋಗುತ್ತದೆ. ಎದ್ದ ಮೇಲೆ ಹಳೇ ಗಿರಾಕಿ ಬಂದು "ನನ್ನ 171 ನವೀಕರಿಸು" ಎಂದರೆ ಅದಕ್ಕೆ ಗುರುತು ಹತ್ತುವುದಿಲ್ಲ, ನಿರಾಕರಣೆ ಕಳಿಸುತ್ತದೆ. ಆದರೆ ಡಿಎನ್‌ಎಸ್‌ಮಾಸ್ಕ್ ವಿಳಾಸ ಆರಿಸುವುದು ಮ್ಯಾಕ್ ಲೆಕ್ಕದ ಮೇಲೆ. ಫೋನು ಹೊಸದಾಗಿ ಕೇಳಿದಾಗ ಬಹುತೇಕ ಅದೇ 171 ಸಿಗುತ್ತದೆ.