ಬುದ್ಧಿಯ ಗಡಿಕಲ್ಲು

ತೀರ್ಥಹಳ್ಳಿ ಕಡೆಯ ಅಡಿಕೆ ತೋಟಗಳಲ್ಲಿ ಹುಲಿಯ ಗೊಂಬೆ ಕೂರಿಸಿರುವುದನ್ನು ಕಂಡಿರುತ್ತೀರಿ. ಮಂಗನನ್ನು ಹೆದರಿಸುವ ಉಪಾಯ. 2019ರಲ್ಲಿ ನಾಲೂರಿನ ಕೃಷಿಕರೊಬ್ಬರು ಸಾಕುನಾಯಿಗೇ ಹುಲಿಪಟ್ಟೆ ಬಳಿದದ್ದು ದೊಡ್ಡ ಸುದ್ದಿಯಾಗಿತ್ತು. ಗೊಂಬೆಯ ಆಟ ನಡೆಯುವುದು ಕೆಲವೇ ದಿನ. ಆಮೇಲೆ ಮಂಗ ಅದರ ಪಕ್ಕದಲ್ಲೇ ಕೂತು ಎಳೆ ಅಡಿಕೆ ಚೀಪುತ್ತದೆ. ‘ಇದಕ್ಕೆ ನಮಗಿಂತ ಬುದ್ಧಿ ಜಾಸ್ತಿ’ ಎಂದು ತೋಟದವರು ಕೈಚೆಲ್ಲುತ್ತಾರೆ.

ನಿಜಕ್ಕೂ ಅದು ಬುದ್ಧಿಯೇ? ಮತ್ತೆ ಮತ್ತೆ ಮುಟ್ಟಿದರೂ ಅಪಾಯವಾಗದಿದ್ದರೆ ಚಿಪ್ಪಿಲ್ಲದ ಕಡಲ ಬಸವನಹುಳು ಕೂಡ ಮುದುಡಿಕೊಳ್ಳುವುದನ್ನು ಬಿಡುತ್ತದೆ. ಹಾಗಾದರೆ ಮಂಗನದು ಬರೀ ರೂಢಿಯೂ ಇರಬಹುದು. ಈ ಅನುಮಾನವನ್ನೇ 1894ರಲ್ಲಿ ಬ್ರಿಟನ್ನಿನ ಮನೋವಿಜ್ಞಾನಿ ಲಾಯ್ಡ್ ಮಾರ್ಗನ್ ನಿಯಮವಾಗಿಸಿದ: ಸಣ್ಣ ಕಾರಣ ಸಾಕಾಗುವಲ್ಲಿ ದೊಡ್ಡ ಮನಸ್ಸನ್ನು ಆರೋಪಿಸಬೇಡಿ. ಮನುಷ್ಯನ ಮನಸ್ಸಿಗೂ ಪ್ರಾಣಿಯ ಮನಸ್ಸಿಗೂ ಇರುವುದು ಪ್ರಮಾಣದ ವ್ಯತ್ಯಾಸವೇ ಹೊರತು ಬಗೆಯ ವ್ಯತ್ಯಾಸವಲ್ಲ ಎಂದು ಡಾರ್ವಿನ್ 1871ರಲ್ಲಿ ಬರೆದ ಮೇಲೆ, ನಾಯಿ ಬೆಕ್ಕುಗಳ ಜಾಣತನದ ಕಥೆಗಳು ಹುಚ್ಚುಹೊಳೆಯಾಗಿ ಹರಿದಿದ್ದವು. ಅದಕ್ಕೊಂದು ಕಟ್ಟೆ ಬೇಕಿತ್ತು.

ಕಟ್ಟೆ ಗಟ್ಟಿಯಾದದ್ದು ಜರ್ಮನಿಯ ಹಾನ್ಸ್ ಎಂಬ ಕುದುರೆಯಿಂದ. ಕೂಡು, ಕಳೆ ಎಂದರೆ ಗೊರಸು ಬಡಿದು ಉತ್ತರ ಹೇಳುತ್ತಿತ್ತು. 1904ರಲ್ಲಿ ತನಿಖೆಗೆ ಬಂದ ಸಮಿತಿಗೆ ಯಾವ ಮೋಸವೂ ಕಾಣಲಿಲ್ಲ. ಬಳಿಕ ಆಸ್ಕರ್ ಫುಂಗ್‌ಸ್ಟ್ ಎಂಬಾತ, ಪ್ರಶ್ನೆ ಕೇಳುವವನಿಗೇ ಉತ್ತರ ಗೊತ್ತಿಲ್ಲದಂತೆ ಏರ್ಪಾಡು ಮಾಡಿ ನೋಡಿದ. ಹಾನ್ಸ್ ಸೋತಿತು. ಸರಿಯಾದ ಸಂಖ್ಯೆ ಬಂದಾಗ ಎದುರಿದ್ದವನ ತಲೆ ಕೂದಲೆಳೆಯಷ್ಟು ಅಲುಗುತ್ತಿತ್ತು. ಅದನ್ನು ನೋಡಿ ಕುದುರೆ ನಿಲ್ಲಿಸುತ್ತಿತ್ತು. ಲೆಕ್ಕ ಬರುವುದಿಲ್ಲ ಎಂದು ಅದನ್ನು ಫೇಲು ಮಾಡಿದರು. ಸಮಿತಿಗೆ ಸಮಿತಿಯೇ ಗಮನಿಸದ ಅಲುಗಾಟವನ್ನು ಹಿಡಿದ ಆ ಕಣ್ಣಿಗೆ ಅಂಕ ಕೊಟ್ಟವರು ಕಡಿಮೆ. ನನಗಂತೂ ಇದು ಇಂದಿಗೂ ಅನ್ಯಾಯವೆಂದೇ ತೋರುತ್ತದೆ.

ಅದೇ ಹೊತ್ತಿಗೆ ಮನುಷ್ಯನ ಬುದ್ಧಿಗೂ ಅಳತೆಗೋಲು ಬಂತು. ಶಾಲೆಯಲ್ಲಿ ಹಿಂದೆ ಬೀಳುವ ಮಕ್ಕಳಿಗೆ ನೆರವಾಗಲೆಂದು ಪ್ಯಾರಿಸ್ಸಿನ ಆಲ್ಫ್ರೆಡ್ ಬಿನೆ 1905ರಲ್ಲಿ ಪರೀಕ್ಷೆ ರೂಪಿಸಿದ. ಬುದ್ಧಿ ಮಾರ್ಪಡದ ಮೊತ್ತವೆಂದು ಅವನು ಒಪ್ಪಿರಲಿಲ್ಲ. ಅಮೆರಿಕಕ್ಕೆ ಹೋದ ಪರೀಕ್ಷೆ ಮಾತ್ರ ತಕ್ಕಡಿಯಾಯಿತು. ಮೊದಲ ಮಹಾಯುದ್ಧದಲ್ಲಿ ಅಂಥ ಪರೀಕ್ಷೆಗಳಿಂದ ಸುಮಾರು 17 ಲಕ್ಷ ಸೈನಿಕರನ್ನು ತೂಗಿದರು. 1923ರಲ್ಲಿ ಅಲ್ಲಿನ ಮನೋವಿಜ್ಞಾನಿ ಎಡ್ವಿನ್ ಬೋರಿಂಗ್, ಬುದ್ಧಿ ಎಂದರೆ ಬುದ್ಧಿಪರೀಕ್ಷೆ ಅಳೆಯುವಂಥದ್ದು ಎಂದುಬಿಟ್ಟ. ನಮ್ಮಲ್ಲಿ ವಿ. ವಿ. ಕಾಮತರು ಬಿನೆಯ ಪರೀಕ್ಷೆಯನ್ನು ಕನ್ನಡ, ಮರಾಠಿ ಮಕ್ಕಳಿಗೆ ಹೊಂದಿಸಿದರು. ಅವರ ಪುಸ್ತಕ 1940ರಲ್ಲಿ ಬಂತು.

ಆದರೆ ನಮ್ಮ ಮನೆಗಳ ‘ಬುದ್ಧಿ’ ಈ ಅಳತೆಗೆ ಸಿಗುವಂಥದ್ದಲ್ಲ. ಬುದ್ಧಿ ಹೇಳುತ್ತೇವೆ, ಬುದ್ಧಿ ಕಲಿಸುತ್ತೇವೆ, ಪೆಟ್ಟು ತಿಂದ ಮೇಲೆ ಬುದ್ಧಿ ಬಂತು ಎನ್ನುತ್ತೇವೆ. ‘ಮಂಗನ ಬುದ್ಧಿ’ ಎಂದರೆ ಜಾಣತನವಲ್ಲ, ಸ್ವಭಾವ. ತರಗತಿಗೆ ಮೊದಲಿಗನಾದವನಿಗೂ ‘ಬುದ್ಧಿ ಇಲ್ಲ’ ಎಂದು ಅಮ್ಮ ಬೈಯಬಲ್ಲಳು.

ಇತ್ತ ಪ್ರಾಣಿಗಳ ಕಡೆಯಿಂದ, ಮನುಷ್ಯನನ್ನು ಬೇರೆ ಮಾಡುವ ಗಡಿಕಲ್ಲು ಸರಿಯುತ್ತಲೇ ಇತ್ತು. ಚಿಂಪಾಂಜಿ ಕಡ್ಡಿ ಹಾಕಿ ಗೆದ್ದಲು ತೆಗೆಯುವುದನ್ನು ಜೇನ್ ಗುಡಾಲ್ 1960ರಲ್ಲಿ ಕಂಡಾಗ, ಉಪಕರಣ ಮಾಡುವವನೇ ಮನುಷ್ಯ ಎಂಬ ಬೇಲಿ ಬಿತ್ತು. 1970ರಲ್ಲಿ ಕನ್ನಡಿಯ ಪರೀಕ್ಷೆ ಬಂತು: ಬಿಂಬ ತನ್ನದೇ ಎಂದು ತಿಳಿಯುವುದೇ? 2006ರಲ್ಲಿ ನ್ಯೂಯಾರ್ಕಿನಲ್ಲಿ ಮೂರು ಏಷ್ಯಾದ ಆನೆಗಳ ಪೈಕಿ ಒಂದು, ಹಣೆಯ ಮೇಲೆ ಬಳಿದಿದ್ದ ಗುರುತನ್ನು ಕನ್ನಡಿಯಲ್ಲಿ ಕಂಡು ಸೊಂಡಿಲಿನಿಂದ ಮುಟ್ಟಿ ನೋಡಿಕೊಂಡಿತು. ಉಳಿದೆರಡು ಮುಟ್ಟಲಿಲ್ಲ.

ಶಿವಮೊಗ್ಗದ ಬಳಿಯ ಸಕ್ರೆಬೈಲಿನ ಆನೆ ಬಿಡಾರದಲ್ಲಿ, ತುಂಗೆಯ ಹಿನ್ನೀರಿನಲ್ಲಿ ಮೀಯುವ ಆನೆಗಳನ್ನು ಬೆಳಿಗ್ಗೆ ನೋಡಿದವರಿಗೆ ಕನ್ನಡಿಯೇ ಯಾಕೆ ಎನ್ನಿಸದೆ ಇರದು. ಹತ್ತಿರ ಹೋದರೆ ಕಣ್ಣಿಗಿಂತ ಮೊದಲು ಸೊಂಡಿಲು ನಿಮ್ಮನ್ನು ವಿಚಾರಿಸಿಕೊಳ್ಳುತ್ತದೆ. 2019ರಲ್ಲಿ ಪ್ರಕಟವಾದ ಥಾಯ್ಲೆಂಡಿನ ಅಧ್ಯಯನವೊಂದರಲ್ಲಿ ಪ್ರಶ್ನೆಯನ್ನು ಮೂಗಿಗೇ ಕೇಳಿದರು. ಮುಚ್ಚಿದ ಎರಡು ಬಕೆಟ್‌ಗಳಲ್ಲಿ ಸೂರ್ಯಕಾಂತಿ ಬೀಜ. ಒಂದರಲ್ಲಿ ಹೆಚ್ಚು, ಇನ್ನೊಂದರಲ್ಲಿ ಕಡಿಮೆ. ಆನೆಗಳು ಬರೀ ಮೂಸಿ, ಹೆಚ್ಚಿರುವುದನ್ನೇ ಹೆಚ್ಚು ಸಲ ಆರಿಸಿದವು. ಆ ಬಕೆಟ್‌ಗಳ ಮುಂದೆ ನಮ್ಮನ್ನು ನಿಲ್ಲಿಸಿದರೆ ಮುಚ್ಚಳ ತೆಗೆಯಿರಿ ಎಂದು ಕೇಳಬೇಕಾಗುತ್ತದೆ.